ಮುತ್ಯಾಲಮ್ಮನ ಕೈಗುಣ ಕೋರ್ಟಿಗೆ ಹೋದದ್ದು

ಬೈರಕೂರಿನ ಮುತ್ಯಾಲಮ್ಮನನ್ನು ಕೆಲಸದಿಂದ ಡಿಸ್ಮಿಸ್ ಮಾಡಿದ ಕಾಗದ ಬಂದದ್ದು ಎಪ್ಪತ್ತೊಂಬತ್ತನೇ ಇಸವಿಯ ದೀಪಾವಳಿಗೆ ನಾಲ್ಕು ದಿನ ಮುಂಚೆ. ಅದನ್ನು ಓದಿ ಹೇಳಿದ ಪೋಸ್ಟ್‌ಮಾಸ್ಟರನ್ನು ಅವಳು ಸಂಬಳದ ಬಗ್ಗೆ ಕೇಳಲಿಲ್ಲ, ಮುಂದೇನು ಗತಿ ಎಂದೂ ಕೇಳಲಿಲ್ಲ. ಹುಳು ಸತ್ತ ವಿಷಯವನ್ನೂ ಬರೆದಿದ್ದಾರೆಯೇ ಎಂದಷ್ಟೇ ಕೇಳಿದಳು. ಬರೆದಿದ್ದರು, ಇಂಗ್ಲಿಷಿನಲ್ಲಿ, ಟೈಪು ಹೊಡೆದು. ಇವಳ ಅಲಕ್ಷ್ಯದಿಂದ ನಲವತ್ತು ತಟ್ಟೆ ರೇಷ್ಮೆ ಹುಳು ಉಪವಾಸ ಬಿದ್ದು ಸತ್ತಿವೆ, ಕೇಳಲು ಬಂದ ಮ್ಯಾನೇಜರ ಮೇಲೆ ಇವಳು ಕೈ ಮಾಡಿದ್ದಾಳೆ, ಎರಡೂ ಗಂಭೀರ ದುರ್ನಡತೆ, ಆದ್ದರಿಂದ ಇವತ್ತಿನಿಂದ ಕೆಲಸವಿಲ್ಲ. ಮುತ್ಯಾಲಮ್ಮ ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದು, ಒಲೆಯ ಮುಂದೆ ಕೂತು ಗಳಗಳನೆ ಅತ್ತಳು.

ಕೆಲಸ ಹೋದದ್ದಕ್ಕೆ ಅತ್ತಳೆಂದು ಯಾರಾದರೂ ತಿಳಿದರೆ ಅವರಿಗೆ ಆ ಸೀಮೆ ಗೊತ್ತಿಲ್ಲ ಅಂತಲೇ ಅರ್ಥ. ಅಲ್ಲಿ ಮೊಟ್ಟೆ ಒಡೆದು ಇರುವೆಯಷ್ಟು ಕಪ್ಪು ಮರಿಹುಳು ಹೊರಬಂದ ದಿನ ಮೊದಲ ಎಲೆ ಹಾಕುವುದಕ್ಕೆ ಕೈಗುಣವಿರುವ ಹೆಂಗಸನ್ನೇ ಕರೆಯುತ್ತಾರೆ. ಕಂಡ ಕಂಡವರ ಕೈಯಲ್ಲಿ ಹಾಕಿಸುವುದಿಲ್ಲ. ಬೈರಕೂರಿನ ಇಪ್ಪತ್ತು ಮನೆಗಳಿಗೆ ಆ ಹೆಂಗಸು ಮುತ್ಯಾಲಮ್ಮ. ಅವಳ ಬಾಯಿ ಜೋರು, ಅಡಿಗೆ ಸುಮಾರು. ಗಂಡ ಮುನಿರಾಮಪ್ಪ ಊಟಕ್ಕೆ ಕೂತರೆ ಪಕ್ಕದಲ್ಲಿ ಉಪ್ಪಿನ ಬಟ್ಟಲು ಇಟ್ಟುಕೊಂಡೇ ಕೂರುತ್ತಿದ್ದ. ಆದರೆ ಕೈ ಅಂದರೆ ಕೈ. ಅವಳು ಮೊದಲ ಎಲೆ ಹಾಕಿದ ಮನೆಯಲ್ಲಿ ಹುಳು ಕೆಟ್ಟಿತು ಎಂಬ ಮಾತು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಆ ಹೆಸರು ಕೇಳಿಯೇ ಮುಳಬಾಗಿಲು ರಸ್ತೆಯ ಶ್ರೀವಲ್ಲಭ ಬಿತ್ತನೆ ಕೇಂದ್ರದವರು ಅವಳನ್ನು ಕರೆದು ಕೆಲಸ ಕೊಟ್ಟಿದ್ದರು. ಬೆಂಗಳೂರಿನ ಧಣಿಯೊಬ್ಬರ ಕೇಂದ್ರ ಅದು. ರೈತರಿಗೆ ಮೊಟ್ಟೆ ಮಾರುವುದಕ್ಕಾಗಿ ಅಲ್ಲಿ ಒಳ್ಳೆಯ ಜಾತಿಯ ಹುಳು ಸಾಕುತ್ತಿದ್ದರು. ಒಂಬತ್ತು ವರ್ಷ ಅಲ್ಲಿ ದುಡಿದಳು, ಒಂದು ಮಾತು ಬಂದಿರಲಿಲ್ಲ.

ಬಂದದ್ದು ಹೊಸ ಮ್ಯಾನೇಜರ ಕಾಲದಲ್ಲಿ. ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಇದ್ದವನನ್ನು ಧಣಿ ಇಲ್ಲಿಗೆ ತಂದು ಕೂರಿಸಿದ್ದರು. ಇಸ್ತ್ರಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಯಾರನ್ನೂ ಏನನ್ನೂ ಕೇಳುವ ಅಭ್ಯಾಸವಿಲ್ಲ. ಗಿರಣಿಯಲ್ಲಿ ಮಗ್ಗ ನಿಂತರೆ ಕೂಲಿಯವನು ಸೋಮಾರಿ ಎಂದು ಅರ್ಥವಂತೆ. ಹುಳುವಿನ ಮನೆಗೂ ಅದೇ ಲೆಕ್ಕ ತಂದ.

ರೇಷ್ಮೆ ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ, ನಾಲ್ಕನೆಯ ಸಲ ಇನ್ನೂ ಸ್ವಲ್ಪ ಹೆಚ್ಚು, ತಲೆ ಎತ್ತಿಕೊಂಡು ಮಿಸುಕದೆ ನಿಂತುಬಿಡುತ್ತದೆ. ತಿನ್ನುವುದಿಲ್ಲ, ಹರಿದಾಡುವುದಿಲ್ಲ. ಸಾಕುವವರು ಇದಕ್ಕೆ ಜ್ವರ ಅನ್ನುತ್ತಾರೆ. ಆಗ ಎಲೆ ಹಾಕಬಾರದು, ಮುಟ್ಟಬಾರದು, ಬಾಗಿಲು ಮುಂದಕ್ಕೆಳೆದುಕೊಂಡು ತೆಪ್ಪಗಿರಬೇಕು. ಆ ಸೀಮೆಯ ಮೂರು ವರ್ಷದ ಕೂಸಿಗೂ ಇದು ಗೊತ್ತು. ನಾಲ್ಕನೇ ಜ್ವರದ ದಿನ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರು ಒಳಗೆ ಬಂದ. ನಲವತ್ತು ತಟ್ಟೆಯಲ್ಲೂ ಒಂದು ಹಸಿರು ಎಲೆಯಿಲ್ಲ, ಮುತ್ಯಾಲಮ್ಮ ಗೋಡೆಗೊರಗಿ ಕೂತಿದ್ದಾಳೆ. ಸರಿ, ಕೂಗಾಟ ಶುರುವಾಯಿತು. ಅವಳು ಎದ್ದು, ಇವತ್ತು ಹಾಕಬಾರದು ಸಾಮಿ, ನಾಳೆ ಮಧ್ಯಾಹ್ನ ಏಳುತ್ತವೆ ಎಂದು ಸಮಾಧಾನವಾಗಿಯೇ ಹೇಳಿದಳು. ಅವನು ಕೇಳಲಿಲ್ಲ. ಸತ್ತಿವೆಯೋ ಬದುಕಿವೆಯೋ ನೋಡುತ್ತೇನೆಂದು ಒಂದು ಹುಳುವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿದ. ಪೊರೆ ಬಿಡುವ ಹುಳು ಕಾಲೂರಿ ತಟ್ಟೆಗೆ ಅಂಟಿಕೊಂಡಿರುತ್ತದೆ. ಎತ್ತಿದ ಕೂಡಲೇ ಚರ್ಮ ಹರಿದು ನೀರು ಬಂತು. ಅವನು ಎರಡನೆಯದಕ್ಕೆ ಕೈ ಹಾಕಿದಾಗ ಮುತ್ಯಾಲಮ್ಮ ಆ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದಳು. ಹಿಡಿದುಕೊಂಡೇ ಜಗಲಿಯವರೆಗೆ ನಡೆಸಿಕೊಂಡು ಬಂದು, ಹೊರಗೆ ಬಿಟ್ಟು, ಚಿಲಕ ಹಾಕಿದಳು.

ಮಧ್ಯಾಹ್ನಕ್ಕೆ ಅವಳು ಸಸ್ಪೆಂಡ್. ಅವಳನ್ನು ಗೇಟಿನಾಚೆ ಕಳಿಸಿ, ಮ್ಯಾನೇಜರು ಉಳಿದ ಹೆಂಗಸರ ಕೈಯಲ್ಲಿ ನಲವತ್ತು ತಟ್ಟೆಗೂ ರಾಶಿ ರಾಶಿ ಎಲೆ ಸುರಿಸಿದ. ಜೊತೆಯ ಆದಿಲಕ್ಷ್ಮಿ ಬೇಡವೆಂದು ಅಂದು ನೋಡಿದಳಂತೆ. ನೀನೂ ಹೋಗ್ತೀಯಾ ಎಂದು ಕೇಳಿದಾಗ ಬಾಯಿ ಮುಚ್ಚಿಕೊಂಡಳು. ಹುಳು ಏಳುವ ಹೊತ್ತಿಗೆ ಎಲೆ ಬಾಡಿ, ಬೆವತು, ಕೊಳೆತಿತ್ತು. ಎದ್ದವು ಅದನ್ನೇ ತಿಂದವು. ವಾರದೊಳಗೆ ಸಪ್ಪೆ ರೋಗ ಬಂದು ಅಷ್ಟೂ ಹುಳು ಗುಂಡಿಗೆ ಹೋಯಿತು. ಧಣಿಗೆ ಜವಾಬು ಕೊಡಬೇಕಲ್ಲ? ಆ ಪಾಪವನ್ನೂ ತಂದು ಮುತ್ಯಾಲಮ್ಮನ ತಲೆಗೆ ಕಟ್ಟಿದ. ವಿಚಾರಣೆ ಎಂಬ ಹೆಸರಿನಲ್ಲಿ ಅವನ ಸ್ನೇಹಿತ ವಕೀಲನೊಬ್ಬ ಬಂದು ಇಂಗ್ಲಿಷಿನಲ್ಲಿ ಒಂದು ಗಂಟೆ ಏನೇನೋ ಬರೆದುಕೊಂಡ. ಕನ್ನಡದಲ್ಲಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ಸಾಹೇಬರ ಕೈ ಹಿಡಿದದ್ದು ನಿಜವೇ ಎಂದು. ನಿಜ ಎಂದಳು. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು.

ಊರಿನಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಏನೂ ಅನ್ನಲಿಲ್ಲ. ಸುಮ್ಮನೆ ಕರೆಯುವುದನ್ನು ನಿಲ್ಲಿಸಿದರು. ಸಂಕ್ರಾಂತಿ ಕಳೆದ ಮೇಲೆ ಎದುರುಮನೆಯ ದೊಡ್ಡಗಂಗಮ್ಮ, ತನ್ನ ಮನೆಗೆ ಬೇರೆ ಊರಿನಿಂದ ಒಬ್ಬ ಹೆಂಗಸನ್ನು ಕರೆಸಿ ಮೊದಲ ಎಲೆ ಹಾಕಿಸಿದಳು. ಆ ಮನೆಗೆ ಇಪ್ಪತ್ತೆರಡು ವರ್ಷದಿಂದ ಎಲೆ ಹಾಕಿದ್ದು ಮುತ್ಯಾಲಮ್ಮನೇ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು, ಒಬ್ಬರ ಬಾಣಂತನ ಒಬ್ಬರು ಮಾಡಿದವರು. ಮುತ್ಯಾಲಮ್ಮ ರಾಗಿ ಬೀಸುತ್ತಾ ಬಾಗಿಲಿನಿಂದ ನೋಡಿದಳು. ಮಾರನೆಯ ದಿನವೇ ಗಂಡನನ್ನು ಎಬ್ಬಿಸಿಕೊಂಡು ಕೋಲಾರದ ಬಸ್ಸು ಹತ್ತಿದಳು.

ಕೋಲಾರದಲ್ಲಿ ಕೋದಂಡರಾಮಪ್ಪ ಎಂಬ ವಕೀಲರಿದ್ದರು. ದೊಡ್ಡ ಹೆಸರೇನಲ್ಲ. ಸುಗಟೂರಿನ ರೈತರ ಮಗ, ಕೋಟಿನ ತೋಳು ಸವೆದಿತ್ತು, ಕಕ್ಷಿದಾರರು ಹುರುಳಿಕಾಯಿ ತಂದುಕೊಟ್ಟರೂ ಬೇಡವೆನ್ನುತ್ತಿರಲಿಲ್ಲ. ಕಾಗದ ಬಿಡಿಸಿಕೊಂಡು ಓದಿದರು. ಓದುತ್ತಾ ಓದುತ್ತಾ ಒಂದು ಸಾಲಿಗೆ ಬಂದು ನಿಂತು, ಮೇಜು ಕುಟ್ಟಿ ನಕ್ಕರು. ಮುತ್ಯಾಲಮ್ಮನಿಗೆ ಮೈ ಉರಿಯಿತು.

"ನನ್ನ ಬಾಳು ಹಾಳಾಗಿರೋದು ನಿಮಗೆ ನಗೆಯಾ ಸಾಮಿ?" ಎಂದಳು.

"ಅಲ್ಲ ಕಣಮ್ಮಾ. ಇವನು ಏನ್ ಬರ್ದವ್ನೆ ಗೊತ್ತಾ? ಹುಳುಗಳು ಬೆಳಿಗ್ಗೆಯಿಂದ ಎಲೆ ಕಾಣದೆ, ಅಲುಗಾಡೋ ಶಕ್ತಿಯಿಲ್ಲದೆ, ಎಲೆ ಬೇಡೋ ಹಾಗೆ ತಲೆ ಎತ್ಕೊಂಡು ನಿಂತಿದ್ವು ಅಂತ. ನಮ್ಮಮ್ಮ ಹುಳ ಸಾಕ್ತಿದ್ಲು. ಇದು ಜ್ವರ ಅಲ್ದೆ ಇನ್ನೇನು? ನಿನ್ನ ಸಾಕ್ಷಿ ಅವನೇ ಟೈಪು ಮಾಡ್ಸಿ ಕಳ್ಸವ್ನೆ."

ಆದರೆ ಕೋರ್ಟು ಕಚೇರಿ ಅಂದರೆ ಅಷ್ಟು ಸಲೀಸೇ? ಮೊದಲು ಲೇಬರ್ ಆಫೀಸರ ಮುಂದೆ ರಾಜಿ ಮಾತು, ಅಲ್ಲಿ ಮ್ಯಾನೇಜರು ಬರಲೇ ಇಲ್ಲ. ಆಮೇಲೆ ಫೈಲು ಬೆಂಗಳೂರಿಗೆ ಹೋಗಿ, ಸರ್ಕಾರ ಅದನ್ನು ಲೇಬರ್ ಕೋರ್ಟಿಗೆ ಒಪ್ಪಿಸುವಷ್ಟರಲ್ಲಿ ವರ್ಷ ತಿರುಗಿತು. ಆ ಕೋರ್ಟಿನ ಅಧಿಕಾರಿ ತಿಂಗಳಿಗೊಂದು ಸಲ ಕೋಲಾರಕ್ಕೆ ಬಂದು ಪ್ರವಾಸಿ ಮಂದಿರದ ಹಾಲಿನಲ್ಲಿ ಕೂರುತ್ತಿದ್ದರು. ಕೆಲಸಗಾರ್ತಿಗೆ ತಿಳಿಯದ ಭಾಷೆಯಲ್ಲಿ, ಜೊತೆಗೆ ಒಬ್ಬರನ್ನೂ ಬಿಡದೆ ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲ ಎಂದು ಅವರು ಮೊದಲಿಗೇ ಅದನ್ನು ತಳ್ಳಿಹಾಕಿದರು. ಕೇಂದ್ರದವರು ತಮ್ಮ ಆರೋಪವನ್ನು ಇಲ್ಲಿ ಹೊಸದಾಗಿ ರುಜುವಾತು ಮಾಡಬೇಕು ಎಂದರು. ಮ್ಯಾನೇಜರು ಬಂದು ಕಟಕಟೆಯಲ್ಲಿ ನಿಂತು, ಟೈಪು ಮಾಡಿಸಿದ್ದನ್ನೇ ಗಿಣಿಯ ಹಾಗೆ ಒಪ್ಪಿಸಿದ. ಜ್ವರಗಿರ ಎಲ್ಲಾ ಹಳ್ಳಿಯ ಹೆಂಗಸರ ಮೂಢನಂಬಿಕೆ, ಹಸಿದ ಹುಳು ಯಾವುದೆಂದು ನನಗೆ ಕಣ್ಣಿಗೆ ಕಂಡರೆ ಗೊತ್ತಾಗುತ್ತದೆ ಎಂದೂ ಸೇರಿಸಿದ. ಅದನ್ನು ಬರೆದುಕೊಂಡರು.

ಅಧಿಕಾರಿ ಧಾರವಾಡದ ಕಡೆಯವರು. ಜೋಳ ಬಲ್ಲರು, ಹತ್ತಿ ಬಲ್ಲರು. ಹುಳು ಮಾತ್ರ ಕಂಡವರಲ್ಲ. ಒಬ್ಬರು ಹೌದು ಅನ್ನುತ್ತೀರಿ, ಒಬ್ಬರು ಅಲ್ಲ ಅನ್ನುತ್ತೀರಿ, ನಾನು ಯಾರನ್ನು ನಂಬಲಿ ಎಂದು ತಲೆ ಕೆರೆದುಕೊಂಡರು. ಕೇಂದ್ರದಲ್ಲಿ ಕೆಲಸ ಮಾಡುವ ಹೆಂಗಸರು ಯಾರಾದರೂ ಬಂದು ಹೇಳಿದ್ದರೆ ಆಗುತ್ತಿತ್ತು, ಒಬ್ಬರೂ ಬರಲಿಲ್ಲ. ಆಗ ಮುತ್ಯಾಲಮ್ಮ ಕೂತಲ್ಲಿಂದ ಎದ್ದಳು. ವಕೀಲರು ಸೆರಗು ಎಳೆದರೂ ಕೂರಲಿಲ್ಲ.

"ನೀವು ದಿನ ಹೇಳಿ ದೊರೆ. ಆ ದಿನಕ್ಕೆ ಜ್ವರದ ಹುಳ ಒಂದು ತಟ್ಟೆ, ಹಸಿದಿರೋ ಹುಳ ಒಂದು ತಟ್ಟೆ ನಿಮ್ಮ ಮುಂದೆ ಇಡ್ತೀನಿ. ಯಾವುದು ಯಾವುದು ಅಂತ ಸಾಹೇಬ್ರೇ ಹೇಳ್ಲಿ."

ಅಧಿಕಾರಿಗಳಿಗೆ ಮಾತು ಹಿಡಿಸಿತು. ಮುಂದಿನ ತಿಂಗಳ ತಾರೀಕು ಕೊಟ್ಟರು. ಹೊರಗೆ ಬಂದ ಮೇಲೆ ಕೋದಂಡರಾಮಪ್ಪನವರು ಬೆವರೊರೆಸಿಕೊಂಡು, ಅಮ್ಮಾ, ಜ್ವರ ಇರುವುದು ಒಂದೇ ದಿನ, ಅದು ಸರಿಯಾಗಿ ಕೋರ್ಟಿನ ದಿನಕ್ಕೇ ಬರಬೇಕಲ್ಲ ಎಂದರು. ಬರುತ್ತೆ ಎಂದಳು ಮುತ್ಯಾಲಮ್ಮ. ಅಂದದ್ದೇನೋ ಗತ್ತಿನಿಂದ, ಬಸ್ಸಿನಲ್ಲಿ ಕೂತ ಮೇಲೆ ಅವಳಿಗೂ ಭಯ ಹತ್ತಿತು. ಒಂದು ದಿನ ಹಿಂದೆ ಮುಂದೆ ಆದರೆ ಇನ್ನು ಜನ್ಮದಲ್ಲಿ ಯಾರೂ ಅವಳ ಕೈಯಲ್ಲಿ ಎಲೆ ಹಾಕಿಸುವುದಿಲ್ಲ.

ಸರ್ಕಾರಿ ಕೇಂದ್ರದಿಂದ ಮೊಟ್ಟೆ ತಂದಳು. ಒಡೆದ ದಿನದಿಂದ ಬೆರಳು ಮಡಿಸಿ ಎಣಿಸಿ ಹದಿನೆಂಟನೆಯ ದಿನಕ್ಕೆ ನಾಲ್ಕನೇ ಜ್ವರ ಬರುವಂತೆ ಸಾಕಿದಳು. ಸೊಪ್ಪಿಗೆ ಏನು ಮಾಡುವುದು? ಅವಳಿಗೆ ಹಿಪ್ಪುನೇರಳೆ ತೋಟವಿರಲಿಲ್ಲ. ಸಾಕ್ಷಿಗೆ ಬರಲು ಹೆದರಿದ್ದ ಆದಿಲಕ್ಷ್ಮಿ ಬೆಳಗಾದರೆ ಒಂದು ಕುಕ್ಕೆ ಎಲೆ ತಂದು ಜಗಲಿಯ ಮೇಲೆ ಇಟ್ಟು, ಮುಖ ತೋರಿಸದೆ ಹೋಗುತ್ತಿದ್ದಳು. ಮುತ್ಯಾಲಮ್ಮನೂ ಅವಳನ್ನು ಕರೆದು ಮಾತಾಡಿಸಲಿಲ್ಲ. ಎಲೆಯನ್ನು ಮಾತ್ರ ತೆಗೆದುಕೊಂಡಳು. ಹದಿನೆಂಟನೆಯ ದಿನ ತಟ್ಟೆ ಹೊತ್ತು ಕೋಲಾರಕ್ಕೆ ಹೋದರೆ, ಎದುರು ವಕೀಲರ ಮನೆಯಲ್ಲಿ ಮದುವೆಯಂತೆ, ವಾಯಿದಾ! ಆ ಹುಳು ಮಾರನೆಯ ದಿನ ಎದ್ದು ಹಾಯಾಗಿ ಎಲೆ ತಿಂದವು. ಮುತ್ಯಾಲಮ್ಮ ಆ ವಕೀಲರನ್ನೂ ಅವರ ಮನೆಯ ಮದುವೆಯನ್ನೂ ತೆಲುಗಿನಲ್ಲಿ ಒಂದು ಫರ್ಲಾಂಗು ದೂರ ಕೇಳುವಂತೆ ಬೈದಳು, ಬೈದು ಮತ್ತೆ ಮೊಟ್ಟೆ ತಂದಳು.

ಎರಡನೆಯ ತಾರೀಕು ಡಿಸೆಂಬರಿನಲ್ಲಿ ಬಿತ್ತು. ಚಳಿಗೆ ಹುಳು ಮುದುರಿಕೊಂಡು ತಿನ್ನುವುದನ್ನೇ ಕಡಿಮೆ ಮಾಡಿದವು. ಲೆಕ್ಕಕ್ಕಿಂತ ಎರಡು ದಿನ ಹಿಂದೆ ಬಿದ್ದವು. ಈ ಸಲ ತಪ್ಪಿದರೆ ಇನ್ನೊಂದು ತಾರೀಕು ಕೊಡುವುದಿಲ್ಲವೆಂದು ಅಧಿಕಾರಿ ಹೇಳಿಬಿಟ್ಟಿದ್ದರು. ಮುತ್ಯಾಲಮ್ಮ ಮನೆಯ ಮೂಲೆ ಮೂಲೆಗೂ ಕೆಂಡದ ಮಡಕೆ ಇಟ್ಟಳು, ಕಿಟಕಿಗೆ ಗೋಣಿ ಕಟ್ಟಿದಳು, ದಿನಕ್ಕೆ ನಾಲ್ಕು ಸಲದ ಬದಲು ಆರು ಸಲ ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಮುನಿರಾಮಪ್ಪ ಸೆಕೆಗೆ ಬೀದಿಯಲ್ಲಿ ಮಲಗಿದ. ತಾರೀಕಿನ ಹಿಂದಿನ ಸಂಜೆ ಹುಳುವಿನ ಮೈ ಹೊಳಪಾಯಿತು, ಬಾಯಿ ಚಿಕ್ಕದಾಯಿತು. ಬೆಳಿಗ್ಗೆ ನೋಡಿದರೆ ಒಂದೂ ಬಿಡದೆ ತಲೆ ಎತ್ತಿ ನಿಂತಿದ್ದವು. ನಾಲ್ಕು ದಿನ ಮುಂಚೆ ಒಡೆದಿದ್ದ ಇನ್ನೊಂದು ತಟ್ಟೆಯ ಹುಳು ಜ್ವರದಿಂದ ಎದ್ದು ಬೆರಳುದ್ದ ಬೆಳೆದಿದ್ದವು. ಅವಕ್ಕೆ ಆ ಬೆಳಿಗ್ಗೆ ಎಲೆ ಹಾಕುವಂತಿರಲಿಲ್ಲ. ಹುಳುವನ್ನು ಉಪವಾಸ ಹಾಕಲಿಲ್ಲವೆಂದು ತೋರಿಸುವುದಕ್ಕೆ ಜೀವಮಾನದಲ್ಲಿ ಮೊದಲ ಸಲ ಹುಳುವನ್ನು ಉಪವಾಸ ಹಾಕಬೇಕಾಯಿತು. ಪಾಪ, ಮಧ್ಯಾಹ್ನದವರೆಗೆ ತಡೆದುಕೊಳ್ಳಿ ಎಂದು ಅವಕ್ಕೆ ಹೇಳಿಯೇ ತಟ್ಟೆಗೆ ಬಟ್ಟೆ ಮುಚ್ಚಿದಳು.

ಬಸ್ಸಿನಲ್ಲಿ ಜ್ವರದ ತಟ್ಟೆ ಅವಳ ತೊಡೆಯ ಮೇಲೆ, ಹಸಿದದ್ದು ಮುನಿರಾಮಪ್ಪನ ತೊಡೆಯ ಮೇಲೆ. ಕಂಡಕ್ಟರು ಲಗೇಜ್ ಚೀಟಿ ಎಂದು ಬಾಯಿ ತೆಗೆದವನು, ಬಟ್ಟೆ ಸರಿಸಿ ನೋಡಿ ಸುಮ್ಮನಾದ. ಅವನ ಮನೆಯಲ್ಲೂ ಹುಳು ಸಾಕುತ್ತಿದ್ದರು. ಮುಳಬಾಗಿಲು ದಾಟುವುದರೊಳಗೆ ಬಸ್ಸಿಗೆಲ್ಲಾ ಸುದ್ದಿ ಹಬ್ಬಿತು. ಮುಂದೆ ಕೂತಿದ್ದ ಮುದುಕನೊಬ್ಬ, "ಮೆಲ್ಲಗೆ ಪೋನೀ ಅಣ್ಣಾ, ಜ್ವರದ ಹುಳ ಅದೆ" ಎಂದು ಡ್ರೈವರಿಗೆ ಹೇಳಿದ. ಡ್ರೈವರು ಹಳ್ಳ ಬಂದಲ್ಲೆಲ್ಲಾ ಬಸ್ಸನ್ನು ಬಸುರಿ ಹೆಂಗಸಿನಂತೆ ನಡೆಸಿದ. ಬೀಡಿ ಹಚ್ಚಿದ್ದವರು ತಾವಾಗಿಯೇ ಆರಿಸಿದರು. ಮ್ಯಾನೇಜರೊಬ್ಬನಿಗೆ ಗೊತ್ತಿಲ್ಲದ್ದು ಆ ಬಸ್ಸಿನ ಐವತ್ತು ಜನಕ್ಕೂ ಗೊತ್ತಿತ್ತು, ಅದನ್ನು ಕಂಡು ಮುತ್ಯಾಲಮ್ಮನಿಗೆ ಧೈರ್ಯ ಬಂತು.

ಪ್ರವಾಸಿ ಮಂದಿರದ ಹಾಲಿನಲ್ಲಿ ಎರಡೂ ತಟ್ಟೆಗಳನ್ನು ಅಧಿಕಾರಿಗಳ ಮೇಜಿನ ಮೇಲೆ ಇಟ್ಟು ಬಟ್ಟೆ ತೆಗೆದಳು. ಒಂದರಲ್ಲಿ ಹುಳುಗಳು ತಲೆ ಎತ್ತಿಕೊಂಡು ಕಲ್ಲಿನಂತೆ ನಿಂತಿದ್ದವು. ಇನ್ನೊಂದರಲ್ಲಿ ಅಂಚಿಗೆ ಹತ್ತಿ, ಒಂದರ ಮೇಲೊಂದು ಬಿದ್ದು, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಹುಡುಕಾಡುತ್ತಿದ್ದವು. ಅಧಿಕಾರಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಇವು ಸತ್ತಾವೇನು ಎಂದು ಮೊದಲನೆಯದನ್ನು ತೋರಿಸಿ ಕೇಳಿದರು. ಯಾರೂ ಉತ್ತರ ಕೊಡದಂತೆ ಕೋದಂಡರಾಮಪ್ಪನವರು ಕೈ ಎತ್ತಿ, ಡಿಸ್ಮಿಸ್ ಕಾಗದದ ಆ ಸಾಲನ್ನು ಗಟ್ಟಿಯಾಗಿ ಓದಿದರು. ಎಲೆ ಕಾಣದೆ, ಅಲುಗಾಡದೆ, ತಲೆ ಎತ್ತಿಕೊಂಡು. ಓದಿ, ಮ್ಯಾನೇಜರ ಕೈಗೆ ಒಂದು ಹಿಡಿ ಎಲೆ ಕೊಟ್ಟು, ಹಸಿದ ತಟ್ಟೆಗೆ ಹಾಕಿ ಎಂದರು.

ಅವನು ಎರಡೂ ತಟ್ಟೆ ನೋಡಿದ. ಹರಿದಾಡುವವಕ್ಕೆ ಹಾಕಿದರೆ ತಾನು ಬರೆಸಿದ್ದೆಲ್ಲಾ ಸುಳ್ಳಾಗುತ್ತದೆ. ಅವನ ವಕೀಲರು ಕೆಮ್ಮಿದರು. ಬೇರೆ ದಾರಿಯಿಲ್ಲದೆ, ಎರಡು ಪೆನ್ನಿನ ಗತ್ತನ್ನೆಲ್ಲಾ ಒಟ್ಟು ಮಾಡಿಕೊಂಡು, ಮಿಸುಕದೆ ನಿಂತಿದ್ದ ಹುಳುಗಳ ಮೇಲೆ ಎಲೆ ಹಾಕಿದ.

ಏನೂ ಆಗಲಿಲ್ಲ. ಹುಳುಗಳು ಎಲೆಯ ಕೆಳಗೆ ಹಾಗೆಯೇ ನಿಂತಿದ್ದವು. ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಒಂದು ಎಲೆಯ ಅಂಚೂ ಕಚ್ಚಿರಲಿಲ್ಲ. ಆಗ ಅಧಿಕಾರಿ ಮುತ್ಯಾಲಮ್ಮನ ಕಡೆ ತಿರುಗಿ ತಲೆಯಾಡಿಸಿದರು. ಅವಳು ಆ ಎಲೆಗಳನ್ನು ಹುಳುವಿಗೆ ತಾಗದಂತೆ ಒಂದೊಂದಾಗಿ ಎತ್ತಿ ಪಕ್ಕದ ತಟ್ಟೆಗೆ ಹಾಕಿದಳು. ಹಾಕಿದ್ದೇ ತಡ, ಹುಳುಗಳು ನಾಲ್ಕೂ ಕಡೆಯಿಂದ ಎಲೆಯ ಮೇಲೆ ಏರಿದವು. ಹೆಂಚಿನ ಮೇಲೆ ಸೋನೆ ಬಿದ್ದಂತೆ ಜರಜರ ಸದ್ದು ಎದ್ದಿತು. ಅಧಿಕಾರಿ ಮೇಜಿಗೆ ಕಿವಿ ತಗ್ಗಿಸಿ ಕೇಳಿದರು, ಎಳೆ ಮಗುವಿನಂತೆ ನಕ್ಕರು. ನೋಡನೋಡುತ್ತಿದ್ದಂತೆ ಎಲೆಯಲ್ಲಿ ನರವಷ್ಟೇ ಉಳಿಯಿತು. ಹಿಂದಿನ ಬೆಂಚುಗಳಲ್ಲಿ ಕೂತಿದ್ದವರು, ತಮ್ಮ ಕೇಸಿಗೆ ಬಂದಿದ್ದವರೂ ಸೇರಿ, ಕೋರ್ಟೆಂಬುದನ್ನು ಮರೆತು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

ಎದುರು ವಕೀಲರು ಕೊನೆಯ ಅಸ್ತ್ರ ತೆಗೆದರು. ಹುಳುವಿನ ಮಾತು ಇರಲಿ, ಮೇಲಧಿಕಾರಿಯ ಕೈ ಹಿಡಿದು ಎಳೆದದ್ದು ದುರ್ನಡತೆಯಲ್ಲವೇ ಎಂದರು. ಇಲ್ಲ, ಹಿಡಿದಿಲ್ಲ ಎಂದು ಅವಳು ಹೇಳಿಬಿಡಲಿ ಎಂದು ಕೋದಂಡರಾಮಪ್ಪನವರಿಗೂ ಒಳಗೊಳಗೆ ಆಸೆ. ಮುತ್ಯಾಲಮ್ಮ ನೆಟ್ಟಗೆ ನಿಂತಳು.

"ಹಿಡಿದಿದ್ದು ನಿಜ ದೊರೆ. ನಲವತ್ತು ತಟ್ಟೆ ಜೀವ ನನ್ನ ವಶಕ್ಕೆ ಕೊಟ್ಟಿದ್ರು. ನಾಳೆ ಇವ್ರೇ ಆಗ್ಲಿ, ಇವ್ರ ಧಣಿನೇ ಆಗ್ಲಿ, ಜ್ವರದ ಹುಳಕ್ಕೆ ಕೈ ಹಾಕಿದ್ರೆ ಮತ್ತೆ ಹಿಡೀತೀನಿ."

ಅಧಿಕಾರಿ ಅದನ್ನೂ ಬರೆದುಕೊಂಡರು. ಕೋದಂಡರಾಮಪ್ಪನವರು ಕಣ್ಣು ಮುಚ್ಚಿಕೊಂಡರು.

ತೀರ್ಪು ಬಂದದ್ದು ಎಂಬತ್ತೆರಡರ ಫೆಬ್ರವರಿಯಲ್ಲಿ. ಡಿಸ್ಮಿಸ್ ರದ್ದು, ಅದೇ ಕೆಲಸ, ಹಿಂದಿನ ಸಂಬಳವೂ ಸೇರಿ. ಕೋದಂಡರಾಮಪ್ಪನವರು ಕುರ್ಚಿಯಿಂದ ಎದ್ದು ನಿಂತು ಹೇಳಿದರು. ಮುನಿರಾಮಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಮುತ್ಯಾಲಮ್ಮ ಮಾತ್ರ ಪಟ್ಟು ಬಿಡದೆ, ನನ್ನ ಕೈಯ ವಿಷಯ ಏನು ಬರೆದವ್ರೆ, ಅದನ್ನು ಓದಿ ಎಂದಳು. ಅವರು ಹುಡುಕಿ ಓದಿ ಕನ್ನಡದಲ್ಲಿ ಹೇಳಿದರು. ಅವಳು ಅದನ್ನು ಮೂರು ಸಲ ಹೇಳಿಸಿಕೊಂಡು, ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಊರಿಗೆ ಬಂದಳು.

ಬೆಳಿಗ್ಗೆ ಆರಕ್ಕೆ ಬೈರಕೂರಿನ ಹೆಂಗಸರೆಲ್ಲಾ ಹಾಲು ಹಾಕಲು ಡೈರಿಯ ಮುಂದೆ ಸಾಲು ನಿಲ್ಲುತ್ತಾರೆ. ಮುತ್ಯಾಲಮ್ಮನಿಗೆ ಹಸುವಿರಲಿಲ್ಲ. ಆದರೂ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಬ್ಬದ ಸೀರೆ ಉಟ್ಟು ಹೋಗಿ, ಡೈರಿಯ ಕಾರ್ಯದರ್ಶಿ ಗಂಗುಲಪ್ಪನ ಕೈಗೆ ಕಾಗದ ಕೊಟ್ಟು, ಎಲ್ಲರಿಗೂ ಕೇಳುವಂತೆ ಓದಪ್ಪಾ ಎಂದಳು. ಅವನು ಹಾಲಿನ ಅಳತೆ ಕೆಳಗಿಟ್ಟು ಓದಿದ.

"ಆ ದಿನ ಆ ಕೋಣೆಯಲ್ಲಿ ತನ್ನ ಕರ್ತವ್ಯವನ್ನು ಅರಿತಿದ್ದವಳು ಈ ಕೆಲಸಗಾರ್ತಿ ಒಬ್ಬಳೇ. ಹುಳುಗಳು ಸತ್ತದ್ದು ಆಕೆಯ ಕೈಯಿಂದಲ್ಲ. ಆಕೆಯ ಕೈಯನ್ನು ತಡೆದದ್ದರಿಂದ."

ಆದಿಲಕ್ಷ್ಮಿ ಬಂದು ಮುತ್ಯಾಲಮ್ಮನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಸುತ್ತ ಸೇರಿದರು, ಮುಟ್ಟಿದರು, ನಕ್ಕರು, ಆ ಮ್ಯಾನೇಜರ ಮುಖ ಹೇಗಾಗಿತ್ತು ಹೇಳು ಎಂದು ಮತ್ತೆ ಮತ್ತೆ ಕೇಳಿದರು. ಮುತ್ಯಾಲಮ್ಮ ಎರಡು ವರ್ಷದಿಂದ ನುಂಗಿದ್ದೆಲ್ಲಾ ಇಳಿದು ಹೋಯಿತು. ಕೊನೆಗೆ ದೊಡ್ಡಗಂಗಮ್ಮ ಹಾಲಿನ ಚೊಂಬನ್ನು ಸೊಂಟಕ್ಕಿಟ್ಟುಕೊಂಡು ಮುಂದೆ ಬಂದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ, ಅದು ಮುತ್ಯಾಲಮ್ಮನಿಗೂ ಗೊತ್ತಿತ್ತು. ನೆಲ ನೋಡುತ್ತಾ ನಿಂತು, "ನಾಳೆ ನಮ್ಮನೆ ಮೊಟ್ಟೆ ಒಡೀತಾವೆ ಕಣೇ ಮುತ್ಯಾಲೂ" ಎಂದಳು.

ಮುತ್ಯಾಲಮ್ಮ ಅವಳನ್ನು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲೆ ಸಣ್ಣಗೆ ಹೆಚ್ಚಿಟ್ಟಿರು. ಹೊತ್ತು ಹುಟ್ಟೋಕೆ ಮುಂಚೆ ಬಂದು ಹಾಕ್ತೀನಿ. ಎಂಟು ಗಂಟೆಗೆ ನನಗೆ ಡ್ಯೂಟಿ ಅದೆ."